ಬೇಡ ಅನ್ನುವ ಕೆಲಸ

ಜನವರಿ ೧೪

ಹುಂಬನಿಗೆ,

ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಹಳೆಯ ಅಡ್ಡಹೆಸರಿನಲ್ಲೇ ಕರೆದಿದ್ದೇನೆ. ಆ ಸಲಿಗೆ ಇನ್ನೂ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು. ನೀನು ಎತ್ತುವುದಿಲ್ಲ ಎಂಬ ಭಯಕ್ಕಿಂತ, ಎತ್ತಿಬಿಟ್ಟರೆ ಏನು ಮಾತಾಡುವುದು ಎಂಬ ಭಯವೇ ದೊಡ್ಡದಾಯಿತು.

ನಿನ್ನೆ ನಮ್ಮ ಹಳೆಯ ಆಡಿಟರು ಆಫೀಸಿಗೆ ಬಂದಿದ್ದರು. ನರ್ಸುಗಳ ಪಿಂಚಣಿ ನಿಧಿಯವರು ತಮ್ಮ ಹಣ ನೋಡಿಕೊಳ್ಳಲು ನಿನ್ನನ್ನು ಕೇಳಿದರಂತೆ. ನೀನು ಆಗಲ್ಲ ಅಂದೆಯಂತೆ. "ನನ್ನ ಕಣ್ಣು ಹೋಗಿದೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದು ಹೇಳಿ, ಅವರಿಗೆ ಟೀ ಕುಡಿಸಿ ಕಳಿಸಿದೆಯಂತೆ. ಅವರು ಏಪ್ರಿಲ್ ಕೊನೆಯವರೆಗೆ ಕಾಯುತ್ತಾರೆ ಎಂದು ಆಡಿಟರು ಹೇಳಿದರು. ನೀನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕಿಕೊಂಡು ಕೂತಿದ್ದೀಯ ಎಂದೂ ಹೇಳಿದರು. ಬಸ್ಸುಗಳ ಮೇಲೆ ನನಗೆ ಕೋಪವಿಲ್ಲ. ಆದರೆ ನಿನ್ನಂಥ ತಲೆ ಅಲ್ಲಿ ಯಾಕೆ ಕೊಳೆಯಬೇಕು? ದಯವಿಟ್ಟು ಒಪ್ಪಿಕೋ.

ಇನ್ನೊಂದು ವಿಷಯ. ಹೂಡಿಕೆದಾರರ ಸಂಘದವರು ಮಾರ್ಚ್‌ನಲ್ಲಿ ಒಂದು ಭಾಷಣ ಮಾಡಿ ಎಂದು ಗಂಟುಬಿದ್ದಿದ್ದಾರೆ. ಹೊಸದಾಗಿ ಈ ಕಸುಬಿಗೆ ಬಂದವರಿಗೆ ನಮ್ಮ ವಿರೋಧ ಪತ್ರದ ಪದ್ಧತಿಯನ್ನು ತಿಳಿಸಬೇಕಂತೆ. ಆರಂಭ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದು:

"ನಾವಿಬ್ಬರು ಗೆಳೆಯರು ಸೇರಿ ಒಂದು ಹೆಡ್ಜ್ ಫಂಡ್ ನಡೆಸುತ್ತಿದ್ದೆವು. ಸಿರಿವಂತರ, ಸಂಸ್ಥೆಗಳ ಹಣ. ಏರುತ್ತದೆ ಅನ್ನಿಸಿದ್ದನ್ನು ಕೊಳ್ಳುವುದು, ಬೀಳುತ್ತದೆ ಅನ್ನಿಸಿದ್ದರ ವಿರುದ್ಧ ಪಣ ಕಟ್ಟುವುದು. ಒಬ್ಬನಿಗೆ ಒಂದು ಕಂಪನಿ ಇಷ್ಟವಾದರೆ, ಇನ್ನೊಬ್ಬ ಅದರ ವಿರುದ್ಧ ತನ್ನ ಕೈಲಾದಷ್ಟು ಗಟ್ಟಿಯಾಗಿ ಒಂದು ಪತ್ರ ಬರೆಯಬೇಕು. ಇಷ್ಟಪಟ್ಟವನು ಅದನ್ನು ಎರಡು ಸಲ ಓದಬೇಕು. ಮಾರನೆಯ ದಿನವೂ ಮನಸ್ಸು ಬದಲಾಗದಿದ್ದರೆ ಮಾತ್ರ ಕೊಳ್ಳಬೇಕು. ಕೊಳ್ಳುವಾಗ ಒಂದು ಹಾಳೆಯಲ್ಲಿ ನಾಲ್ಕೇ ಮಾತು ಬರೆದಿಡುತ್ತಿದ್ದೆವು. ಯಾಕೆ ಕೊಂಡೆವು, ಏನಾದರೆ ನಾವು ತಪ್ಪು, ಎಷ್ಟು ಹಾಕಿದೆವು, ಎಷ್ಟು ಬಿದ್ದರೆ ಮಾರಿ ಎದ್ದು ಬರುತ್ತೇವೆ. ಹತ್ತರಲ್ಲಿ ಆರು ಸಲ ಸರಿಯಿದ್ದರೆ ಈ ಕಸುಬಿನಲ್ಲಿ ಅವನೇ ರಾಜ. ತಪ್ಪಿದಾಗ ಮುಖ ಕೆಟ್ಟರೂ ಬೇಗ ಎದ್ದು ಬರಬೇಕು, ಸರಿಯಿದ್ದಾಗ ಕೈ ತುರಿಸಿದರೂ ಸುಮ್ಮನೆ ಕೂತಿರಬೇಕು. ಗೆದ್ದವರೆಲ್ಲ ಮಾಡಿದ್ದು ಇಷ್ಟೇ."

ಮಾದರಿಗೆಂದು, ಆಸ್ಪತ್ರೆಗಳಿಗೆ ಔಷಧಿಯ ಗಾಜಿನ ಶೀಷೆ ಮಾಡುತ್ತಿದ್ದ ಆ ಕಂಪನಿಯ ಬಗ್ಗೆ ನಾನು ಬರೆದ ವಿರೋಧ ಪತ್ರವನ್ನೇ ಓದಬೇಕಂತೆ. ಬೇರೆಯದನ್ನು ಓದುತ್ತೇನೆ ಅಂದೆ. ಕೇಳುತ್ತಿಲ್ಲ.

ಇಂತಿ,
ಅನುಮಾನ


ಫೆಬ್ರವರಿ ೨

ಲೋ ಅನುಮಾನ,

ಬದುಕಿದ್ದೀಯಲ್ಲ, ಸಂತೋಷ. ಪತ್ರ ಡಿಪೋದ ವಿಳಾಸಕ್ಕೆ ಬಂದಿದ್ದರಿಂದ ನನಗಿಂತ ಮೊದಲು ಇಬ್ಬರು ಕಂಡಕ್ಟರುಗಳು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನಗೆ ಹೆಂಡತಿ ಸಿಕ್ಕಿದಳು ಅಂತ ಅವರ ಗುಮಾನಿ.

ಭಾಷಣ ಚೆನ್ನಾಗಿದೆ. ಒಂದು ತಪ್ಪಿದೆ. "ಸಿರಿವಂತರ, ಸಂಸ್ಥೆಗಳ ಹಣ" ಅಂದಿದ್ದೀಯ. ನನ್ನ ಅಕ್ಕ ಸಿರಿವಂತಳಲ್ಲ.

ನೆನಪಿಲ್ಲ ಅಂತೀಯಾ? ಶೀಷೆ ಕಂಪನಿ ನನಗೆ ಎಷ್ಟು ಹಿಡಿಸಿತ್ತು ಅಂದರೆ, ಫಂಡಿನ ಐದನೇ ಒಂದು ಭಾಗ ಹಾಕಿದ್ದು ಸಾಲದು ಅಂತ, ಆ ಒಂದೇ ಕಂಪನಿಗೆ ಪಕ್ಕದಲ್ಲಿ ಬೇರೆ ಚೀಲ ತೆರೆದೆ. ನಂಟರು, ಪರಿಚಯದವರು ಯಾರಾದರೂ ಹಾಕಬಹುದು ಅಂದೆ. ಅಕ್ಕ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತು ಉಳಿಸಿದ್ದನ್ನು ತಂದು ಅದರಲ್ಲಿ ಸುರಿದಳು. ನೂರಕ್ಕೆ ಹದಿನೈದು ಬಿದ್ದರೆ ಎದ್ದು ಬರುತ್ತೇವೆ ಅಂತ ಹಾಳೆಯಲ್ಲಿ ಬರೆದಿಟ್ಟಿದ್ದೆವು. ಎಲ್ಲಿ ಬರೋದು? ಒಂದು ಬೆಳಗ್ಗೆ ಕಂಪನಿಯ ಲೆಕ್ಕ ನೋಡುವವರೇ ಕೆಲಸ ಬಿಟ್ಟು ಓಡಿದರು, ಷೇರಿನ ವಹಿವಾಟು ನಿಂತಿತು. ಒಂಬತ್ತು ದಿನ ಬಾಗಿಲು ಮುಚ್ಚಿತ್ತು. ತೆರೆದಾಗ ಆರರಲ್ಲಿ ಒಂದು ಪಾಲು ಉಳಿದಿತ್ತು. ಫಂಡು ಹೇಗೋ ಉಸಿರಾಡಿತು. ಅಕ್ಕನ ಚೀಲ ತಳ ಕಂಡಿತು.

ಈಗ ಆ ಹಿತ್ತಲಿನ ಕಥೆ. ಮಾರಿದ್ದೇವೆ ಅಂತ ಲೆಕ್ಕದಲ್ಲಿ ತೋರಿಸಿದ ಮಾಲೆಲ್ಲ ವಾಪಸು ಬಂದು ಕಾರ್ಖಾನೆಯ ಹಿಂದೆ ರಾಶಿ ಬಿದ್ದಿತ್ತಂತೆ. ಪೇಪರಿನಲ್ಲಿ ಫೋಟೋ ಸಮೇತ ಬಂತಲ್ಲ. ನಾನು ಮೂರು ಸಲ ಹೋಗಿದ್ದೆ ಕಣೋ. ಮೂರು ಸಲವೂ ಮುಂದಿನ ಬಾಗಿಲಲ್ಲಿ ಹೋಗಿ, ಫಳಫಳ ಹೊಳೆಯುವ ಯಂತ್ರ ನೋಡಿ, ಬಿಸ್ಕತ್ತು ತಿಂದು ಬಂದೆ. ನೀನೂ ಒಂದು ಸಲ ಹೋಗಿದ್ದೆ, ನಿನಗೂ ಕಾಣಲಿಲ್ಲ. ನಿನ್ನಂಥ ಅನುಮಾನದ ಪ್ರಾಣಿಗೇ ಕಾಣದ್ದು ನನಗೆ ಹೇಗೆ ಕಂಡೀತು ಅಂತ ಒಂದೊಂದು ಸಲ ಸಮಾಧಾನ ಮಾಡಿಕೊಳ್ಳುತ್ತೇನೆ. ಆ ಸಮಾಧಾನ ಅರ್ಧ ಗಂಟೆ ನಿಲ್ಲಲ್ಲ. ನೀನಾದರೂ ಪತ್ರದಲ್ಲಿ ಏಳು ಕಾರಣ ಕೊಟ್ಟು ಬೇಡ ಅಂದಿದ್ದೆ. ನಾನು ಏಳಕ್ಕೂ ಉತ್ತರ ಹೇಳಿ, ಬೆನ್ನು ತಟ್ಟಿಕೊಂಡು ಕೊಂಡೆ.

ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಮತ್ತೆ ಓದಿದೆ. ತೀರ್ಮಾನ ಸರಿಯಿದ್ದೂ ನಷ್ಟ ಆಗಬಹುದು, ತಪ್ಪಿದ್ದೂ ಲಾಭ ಬರಬಹುದು, ಫಲ ನೋಡಿ ತೀರ್ಮಾನಕ್ಕೆ ಮಾರ್ಕು ಕೊಡಬೇಡ ಅಂತ ನೀನೇ ತಲೆ ತಿನ್ನುತ್ತಿದ್ದೆಯಲ್ಲ. ಹಾಗೆ ನೋಡಿದರೂ ನಾನು ಫೇಲು. ಕಣ್ಣೆದುರಿಗೆ ಇದ್ದದ್ದು ಕಾಣದವನು ನರ್ಸುಗಳ ದುಡ್ಡು ಮುಟ್ಟಬಾರದು. ಅದರಲ್ಲೂ ನರ್ಸುಗಳ ದುಡ್ಡು. ಅಕ್ಕ ಈ ವರ್ಷ ನಿವೃತ್ತಿ ಆಗಬೇಕಿತ್ತು. ಮೂರು ವರ್ಷ ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ. ಸಂಜೆ ಮನೆಗೆ ಬಂದು ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, "ಏನೋ, ಇವತ್ತು ಎಷ್ಟು ಬಸ್ ಲೇಟು?" ಅಂತ ನಗುತ್ತಾಳೆ. ಆಗ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಾ ಅನ್ನಿಸುತ್ತೆ.

ಭಾಷಣಕ್ಕೆ ಆ ಪತ್ರವನ್ನೇ ಓದು. ಅದು ನಿನ್ನ ಗೆಲುವು.

ಹುಂಬ


ಮಾರ್ಚ್ ೯

ಹುಂಬನಿಗೆ,

ಭಾಷಣ ಮುಗಿಯಿತು. ಮುನ್ನೂರು ಜನ ಇದ್ದರು. ಪತ್ರ ಓದಿ ಮುಗಿಸಿದಾಗ ಎದ್ದುನಿಂತು ಚಪ್ಪಾಳೆ ತಟ್ಟಿದರು. "ಗೆಳೆತನ ಬೇರೆ, ಕೆಲಸ ಬೇರೆ ಅಂತ ತೋರಿಸಿಕೊಟ್ಟವರು" ಎಂದು ಸಂಘದ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟರು.

ಕೊನೆಯಲ್ಲಿ ಪ್ರಶ್ನೆ ಕೇಳಲು ಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಒಬ್ಬಳು, ಈ ಕಸುಬಿಗೆ ಬಂದು ಆರು ತಿಂಗಳಾಗಿರಬೇಕು, ಎದ್ದು ಕೇಳಿದಳು. "ಸರ್, ಈ ಪತ್ರ ಬರೀವಾಗ ನಿಮಗೆ ಗೊತ್ತಿದ್ದಿದ್ದನ್ನೆಲ್ಲಾ ಬರೆದ್ರಾ?"

"ಎಲ್ಲಾ ಬರೆದೆ" ಅಂದೆ.

ಆಮೇಲೆ ಊಟಕ್ಕೆ ಕರೆದರು. ತಲೆನೋವು ಎಂದು ಹೇಳಿ ಬಂದುಬಿಟ್ಟೆ. ನಿನಗೆ ಇನ್ನೂ ಬರೆಯುವುದಿದೆ. ಇವತ್ತು ಕೈ ಬರುತ್ತಿಲ್ಲ.

ಅನುಮಾನ


ಮಾರ್ಚ್ ೧೨

ಹುಂಬನಿಗೆ,

ನನಗೆ ಕಂಡಿತ್ತು.

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಇನ್ನು ನಿಲ್ಲಿಸದೆ ಬರೆದುಬಿಡುತ್ತೇನೆ.

ನೀನು ಶೀಷೆ ಕಂಪನಿ ಕೊಳ್ಳುವ ಮಾತೆತ್ತಿದ ವಾರ, ಸೋಮವಾರ, ನಾನು ಕಾರ್ಖಾನೆಗೆ ಹೋದೆ. ಕಂಪನಿಯವರಿಗೆ ಹೇಳದೆ ಹೋದೆ, ಹಿಂದಿನ ಗೇಟಿಗೆ ಹೋದೆ. ಒಬ್ಬ ಲಾರಿ ಡ್ರೈವರು ನೆರಳಲ್ಲಿ ಕೂತಿದ್ದ. "ಈ ಮಾಲು ಎಲ್ಲಿಗೆ ಹೋಗತ್ತೆ?" ಅಂದೆ. "ಹೋಗೋದೆಲ್ಲಿಗೆ ಸ್ವಾಮಿ, ವಾಪಸ್ ಬಂದಿರೋದು. ಇಳಿಸೋಕೆ ಜಾಗ ಇಲ್ಲ ಅಂತ ಬೆಳಗ್ಗೆಯಿಂದ ಕೂರಿಸಿದ್ದಾರೆ" ಅಂದ. ಅವನ ಹಿಂದೆ ನೀಲಿ ಟಾರ್ಪಾಲು ಹೊದಿಸಿದ ಪೆಟ್ಟಿಗೆಗಳು. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಎಣಿಸಿದೆ. ಉದ್ದಕ್ಕೆ ನಲವತ್ತು, ಎತ್ತರಕ್ಕೆ ಆರು, ಒಳಗೆ ಎಷ್ಟು ಸಾಲು ಎಂದು ಕಾಣಲಿಲ್ಲ. ಚೀಟಿಗಳಲ್ಲಿ ಎಂಟು ತಿಂಗಳ ಹಿಂದಿನ ತಾರೀಕಿತ್ತು. ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಬಸ್ ಹತ್ತಿದೆ.

ಗುರುವಾರ ವಿರೋಧ ಪತ್ರ ಬರೆದೆ. ಗಾಜಿನ ಬೆಲೆ, ಇಂಧನದ ಬೆಲೆ, ಒಬ್ಬನೇ ದೊಡ್ಡ ಗಿರಾಕಿ ಎಂದೆಲ್ಲ ಏಳು ಕಾರಣ. ಎಲ್ಲವೂ ನಿಜ. ನಿನ್ನ ಹತ್ತಿರ ಉತ್ತರವಿದೆ ಎಂದು ನನಗೆ ಗೊತ್ತಿದ್ದ ಕಾರಣಗಳನ್ನೇ ಆರಿಸಿ ಬರೆದೆ. ಟಾರ್ಪಾಲಿನ ಮಾತು ಬರೆಯಲಿಲ್ಲ.

ಯಾಕೆ ಅಂತ ಕೇಳುತ್ತೀಯ. ಅದರ ಹಿಂದಿನ ತಿಂಗಳು ಗ್ರಾಹಕರ ಸಭೆಯಲ್ಲಿ ಯಾರೋ, "ನೀವಿಬ್ಬರಲ್ಲಿ ಯಾರು ಏನು ಮಾಡ್ತೀರಿ?" ಎಂದಾಗ ನೀನು, "ಬೇಡ ಅನ್ನೋದು ಅವನ ಕೆಲಸ, ದುಡ್ಡು ಮಾಡೋದು ನನ್ನ ಕೆಲಸ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನಗೆ ಅದು ಆ ಕ್ಷಣಕ್ಕೇ ಮರೆತುಹೋಗಿರಬೇಕು. ನನಗೆ ಮರೆಯಲಿಲ್ಲ. ಹನ್ನೊಂದು ವರ್ಷ ನೀನು ಸರಿ, ನಾನು ಬ್ರೇಕು. ಒಂದೇ ಒಂದು ಸಲ ನೀನು ತಪ್ಪಬೇಕು, ಅದೂ ನಾನು ಬೇಡ ಅಂದದ್ದರಲ್ಲೇ ತಪ್ಪಬೇಕು ಎಂಬ ಆಸೆ ಹುಟ್ಟಿತು. ಸ್ವಲ್ಪವೇ ಸ್ವಲ್ಪ.

ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು ಇದು. ಹಾಳೆಯಲ್ಲಿ ಹದಿನೈದು ಎಂದು ಬರೆದಿದ್ದೇವಲ್ಲ, ಅಷ್ಟು ಬಿದ್ದ ಕೂಡಲೇ ಎದ್ದು ಬರುತ್ತೇವಲ್ಲ, ಫಂಡಿಗೆ ನೂರಕ್ಕೆ ಮೂರರಷ್ಟು ಏಟು, ನಿನಗೆ ಒಂದು ವಾರದ ಮುಖಭಂಗ, ಅಷ್ಟೇ ಎಂದು ಲೆಕ್ಕ ಹಾಕಿದೆ. ನಷ್ಟಕ್ಕೆ ಮಿತಿ ಇಟ್ಟಿದ್ದರಿಂದ ನನ್ನ ಹೊಟ್ಟೆಕಿಚ್ಚಿಗೂ ಮಿತಿ ಇದೆ ಎಂದುಕೊಂಡೆ. ಬಾಗಿಲೇ ಮುಚ್ಚಿಬಿಟ್ಟರೆ ಹದಿನೈದಕ್ಕೆ ಎದ್ದು ಬರಲು ಆಗುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುವವನು ನಾನು.

ಆಮೇಲೆ ಗ್ರಾಹಕರು ನನ್ನ ಪತ್ರ ಓದಿದರು. ಇವನು ಎಚ್ಚರಿಸಿದ್ದ ಅಂದರು. ನಿನ್ನನ್ನು ಕಳಿಸಿದರು, ನಿನ್ನ ಕುರ್ಚಿಯನ್ನೂ ನನಗೇ ಕೊಟ್ಟರು. ನಾನು ತಲೆ ತಗ್ಗಿಸಿಕೊಂಡು ಕೂತೆ. ಅದನ್ನೂ ಅವರು ವಿನಯ ಎಂದುಕೊಂಡರು.

ನಿನ್ನ ಕಣ್ಣು ಹೋಗಿಲ್ಲ, ಹುಂಬ. ಮುಂದಿನ ಬಾಗಿಲು ನೀನು, ಹಿಂದಿನ ಬಾಗಿಲು ನಾನು ಎಂದು ನಾವೇ ಕೆಲಸ ಹಂಚಿಕೊಂಡಿದ್ದೆವು. ನೀನು ನಿನ್ನ ಪಾಲಿನದನ್ನು ಸರಿಯಾಗಿ ನೋಡಿದೆ. ನಿಧಿಯವರಿಗೆ ಹೂಂ ಅನ್ನು. ನನಗೆ ಏನು ಬೇಕಾದರೂ ಅನ್ನು. ನಾಚಿಕೆಯಿಂದ ಇದಕ್ಕಿಂತ ಹೆಚ್ಚು ಬರೆಯಲಾರೆ.

ಅನುಮಾನ


ಏಪ್ರಿಲ್ ೬

ನಿನ್ನ ಪತ್ರ ಬಂದು ಮೂರು ವಾರ ಆಯಿತು. ಮೊದಲ ವಾರ ನಿನ್ನ ಆಫೀಸಿಗೆ ಬಂದು ಕೊರಳಪಟ್ಟಿ ಹಿಡಿಯೋಣ ಅಂತ ರಜೆ ಹಾಕಿದೆ. ಬಸ್ ಸ್ಟಾಪಿನವರೆಗೆ ಬಂದು ಕೂತು ವಾಪಸು ಹೋದೆ. ನಾನೇ ಸಮಯ ಹಾಕಿದ ಬಸ್ಸುಗಳು ನನ್ನ ಮುಂದೆಯೇ ನಾಲ್ಕು ಹೋದವು.

ಸಭೆಯಲ್ಲಿ ಹಾಗೆ ಅಂದಿದ್ದು ನಿಜ. ನೆನಪಾಯಿತು. ಅದು ಕೆಟ್ಟ ಮಾತು. ನೀನು ಅಲ್ಲೇ ಎದ್ದು ನನ್ನ ಕೆನ್ನೆಗೆ ಬಾರಿಸಬಹುದಿತ್ತು. ಬಾರಿಸಿದ್ದರೆ ಎಷ್ಟು ಚೆನ್ನಾಗಿತ್ತು ಮಾರಾಯ.

ಈಗ ಕೇಳು. ಕಂಪನಿಗಳ ವಾರ್ಷಿಕ ವರದಿ ಓದೋದು ಹೇಗೆ ಅಂತ ನನಗೆ ಕಲಿಸಿದವನು ನೀನು. ಬರೆದಿದ್ದನ್ನು ನಂಬಬೇಡ, ಇರಬೇಕಾದ್ದು ಯಾವುದು ಇಲ್ಲ ಅಂತ ಹುಡುಕು ಅನ್ನುತ್ತಿದ್ದೆ. ನಿನ್ನ ಪತ್ರವನ್ನೂ ಹಾಗೇ ಓದಿದೆ, ಐದಾರು ಸಲ. ಅದರಲ್ಲಿ ಡ್ರೈವರು ಇದ್ದಾನೆ, ಗ್ರಾಹಕರು ಇದ್ದಾರೆ, ನಾನಿದ್ದೀನಿ. ಅಕ್ಕನ ಮಾತು ಒಂದಕ್ಷರ ಇಲ್ಲ. ಜನವರಿಯ ಪತ್ರದಲ್ಲೂ ಇಲ್ಲ. ಅವಳ ಮೊಣಕಾಲಿನ ವಿಷಯ ನಾನೇ ಬರೆದ ಮೇಲೂ ಹೇಗಿದ್ದಾಳೆ ಅಂತ ನೀನು ಕೇಳಲಿಲ್ಲ. ನಮ್ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಅಕ್ಕ ಎಲ್ಲಿ?" ಅಂತಿದ್ದವನು ನೀನು.

ಸೋಮವಾರ ಇದೆ, ಗುರುವಾರ ಇದೆ. ನಡುವೆ ಎರಡು ದಿನ ಏನು ಮಾಡಿದೆ?

ನನಗೆ ಹೇಳಬೇಡ. ನನಗೆ ಬರೆದರೆ ಮತ್ತೆ ಏಳು ಕಾರಣ ಬರೆಯುತ್ತೀಯ. ಅವಳಿಗೆ ಬರೆ. ಅದು ಬರೆಯುವವರೆಗೆ ನಾನು ನಿಧಿಯವರಿಗೆ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ.

ಹುಂಬ


ಏಪ್ರಿಲ್ ೧೧

ಅಕ್ಕನಿಗೆ,

ನಿಮ್ಮ ತಮ್ಮ ನನ್ನ ಪತ್ರಗಳನ್ನು ನಿಮಗೆ ತೋರಿಸಿದ್ದಾನೋ ಇಲ್ಲವೋ ಗೊತ್ತಿಲ್ಲ. ತೋರಿಸದಿದ್ದರೆ ಈ ಮಾತು ಮೊದಲು ಕೇಳಿ. ಆ ಕಂಪನಿಯ ಮಾಲು ವಾಪಸು ಬಂದು ಕೊಳೆಯುತ್ತಿದೆ ಎಂದು ಕೊಳ್ಳುವ ಮೊದಲೇ ನಾನು ನೋಡಿದ್ದೆ. ಅವನಿಗೆ ಹೇಳಲಿಲ್ಲ. ಅವನು ತಪ್ಪಲಿ ಎಂಬ ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ.

ಎರಡನೆಯದು ನಿಮಗೇ ಗೊತ್ತಿದೆ. ಮಾಲು ನೋಡಿದ ಎರಡು ದಿನಕ್ಕೆ, ಬುಧವಾರ, ನಾನು ಅವನಿಗೆ ಕಾಗದಗಳನ್ನು ಕೊಡಲು ನಿಮ್ಮ ಮನೆಗೆ ಬಂದೆ. ಅವನಿರಲಿಲ್ಲ. ನೀವು ಡ್ಯೂಟಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದಿರಿ. ನನ್ನನ್ನು ನಿಲ್ಲಿಸಿ, ಮೇಲೆ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದಿರಿ. "ಲೋ, ಆ ಶೀಷೆನ ನಾವು ಥಿಯೇಟರಲ್ಲಿ ದಿನಾ ಮುಟ್ತೀವಿ, ಮಾಲು ಚೆನ್ನಾಗಿದೆ. ಆದ್ರೂ ಅವನು ಸ್ವಲ್ಪ ಮುನ್ನುಗ್ಗೋನು. ನೀನು ಹೇಳು. ನನ್ನ ದುಡ್ಡು ಹಾಕ್ಲಾ?"

ನಾನು "ಹೂಂ ಅಕ್ಕ, ಹಾಕಿ" ಅಂದೆ.

ಬೇಡ ಅಂದಿದ್ದರೆ ನೀವು ಯಾಕೆ ಅನ್ನುತ್ತಿದ್ದಿರಿ. ಯಾಕೆ ಎಂದು ಹೇಳಿದ್ದರೆ ಸಂಜೆಗೆ ಅದು ಅವನ ಕಿವಿಗೆ ಬೀಳುತ್ತಿತ್ತು. ಅವನು ಕೊಳ್ಳುತ್ತಿರಲಿಲ್ಲ, ತಪ್ಪುತ್ತಿರಲಿಲ್ಲ. ಅದಕ್ಕೆ ಹೂಂ ಅಂದೆ. ಇದರಲ್ಲಿ ಲೆಕ್ಕ ತಪ್ಪಿತು ಎನ್ನಲು ನನಗೆ ಬಾಯಿಲ್ಲ. ನಿಮ್ಮ ಮುಖ ನೋಡಿಕೊಂಡೇ ಅಂದೆ. ನೀವು ನನ್ನ ತೋಳು ತಟ್ಟಿ, "ಸರಿ ಬಿಡು, ಈಗ ಧೈರ್ಯ ಬಂತು" ಎಂದು ಇಳಿದು ಹೋದಿರಿ.

ಈ ವಾರ ಫಂಡಿನ ಗ್ರಾಹಕರಿಗೆಲ್ಲ ನಡೆದದ್ದನ್ನು ಬರೆದು ಕಳಿಸಿದೆ. ಇಬ್ಬರು ಹಣ ತೆಗೆದುಕೊಂಡರು. ಎಲ್ಲರಿಗಿಂತ ದೊಡ್ಡವರು ಫೋನ್ ಮಾಡಿ, "ಹೋಗ್ಲಿ ಬಿಡಿ, ಆಮೇಲೆ ಹೋದ ದುಡ್ಡೆಲ್ಲಾ ವಾಪಸ್ ಮಾಡಿಕೊಟ್ರಲ್ಲ, ನಮಗೇನೂ ಬೇಜಾರಿಲ್ಲ" ಎಂದು ನಕ್ಕರು. ಅವರು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನೀವು ಕಳೆದುಕೊಂಡಷ್ಟಕ್ಕೂ ಒಂದು ಚೆಕ್ಕು ಇದರ ಜೊತೆಗಿದೆ. ಕ್ಷಮಿಸಿ ಎಂದು ಕೇಳುತ್ತಿಲ್ಲ.

ನಿಮ್ಮ ತಮ್ಮನ ಗೆಳೆಯನಾಗಿದ್ದವನು


ಏಪ್ರಿಲ್ ೨೯

ನಿನ್ನ ಪತ್ರ ಸಿಕ್ಕಿತು. ಮರುದಿನ ಡ್ಯೂಟಿಯಲ್ಲಿ ಕತ್ತರಿ ಎಣಿಸುವಾಗ ಎರಡು ಸಲ ತಪ್ಪಿದೆ. ಇಪ್ಪತ್ತೈದು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಡಾಕ್ಟರು ಬೈದರು.

ನಾನು ನಿನ್ನನ್ನು ಕೇಳಿದ್ದು ಯಾಕೆ ಗೊತ್ತಾ? ನೀನು ಬೇಡ ಅನ್ನುವವನು ಅಂತ. ಒಂದು ಕರ್ಚೀಫು ಕೊಳ್ಳೋಕೂ ಹತ್ತು ಸಲ ಯೋಚಿಸುವವನು ಹೂಂ ಅಂದರೆ ಅದರಲ್ಲಿ ಏನೂ ಮೋಸ ಇರಲ್ಲ ಅಂದುಕೊಂಡೆ. ಅರ್ಧ ಹಾಕೋಣ, ಅರ್ಧ ಇಟ್ಟುಕೊಳ್ಳೋಣ ಅಂತ ಮನೆಯಿಂದ ಹೊರಟಿದ್ದೆ. ಮೆಟ್ಟಿಲಲ್ಲಿ ನೀನು ಹೂಂ ಅಂದ ಮೇಲೆ ಪೂರ್ತಿ ಹಾಕಿದೆ.

ಇದನ್ನು ತಮ್ಮನಿಗೆ ಹೇಳಿರಲಿಲ್ಲ. ಅವನನ್ನು ನಂಬದೆ ಅವನ ಗೆಳೆಯನನ್ನು ಕೇಳಿದೆ ಅಂತ ನೊಂದುಕೊಳ್ಳುತ್ತಾನಲ್ಲ ಅಂತ ಬಾಯಿ ಮುಚ್ಚಿಕೊಂಡೆ. ಎರಡು ವರ್ಷ ಅಕ್ಕನನ್ನು ಮುಳುಗಿಸಿದೆ ಅಂತ ಒಬ್ಬನೇ ಕೊರಗಿದ. ನಾನು ಎದುರಿಗೇ ಕೂತು ನೋಡಿದೆ. ಅದಕ್ಕೆ ನನಗೂ ನಾಚಿಕೆ ಇದೆ. ಮೊನ್ನೆ ಭಾನುವಾರ ಅವನನ್ನು ಕೂರಿಸಿಕೊಂಡು ನಿನ್ನ ಪತ್ರ ಪೂರ್ತಿ ಓದಿ ಹೇಳಿದೆ, ನನ್ನದನ್ನೂ ಹೇಳಿದೆ. ಆಮೇಲೆ ಎದ್ದು ಶರ್ಟಿಗೆ ಇಸ್ತ್ರಿ ಹಾಕಿಕೊಂಡ. ಸೋಮವಾರ ನಿಧಿಯವರ ಹತ್ತಿರ ಹೋಗಿ ಒಪ್ಪಿಕೊಂಡು ಬಂದ.

ಅವನು ನಿನಗೆ ಬರೆಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ನಿನ್ನ ಚೆಕ್ಕನ್ನು ಇದರೊಳಗೇ ವಾಪಸು ಇಟ್ಟಿದ್ದೇನೆ. ಅದು ಸರಿಯಿಲ್ಲ. ಅರ್ಧ ನನ್ನ ತಮ್ಮನನ್ನು ನಂಬಿ ಹಾಕಿದ್ದು. ಅವನು ಕಣ್ಣಿಗೆ ಕಂಡದ್ದನ್ನು ಮುಚ್ಚಿಡದೆ ಹೇಳಿದ, ಸೋತ, ಅವನ ಜೊತೆ ನಾನೂ ಸೋತೆ. ಅದಕ್ಕೆ ನೀನು ದುಡ್ಡು ಕೊಡುವುದು ಬೇಡ. ಇನ್ನರ್ಧ ನಿನ್ನ ಹೂಂ ನಂಬಿ ಹಾಕಿದ್ದು. ಅಷ್ಟಕ್ಕೆ ಮಾತ್ರ ಬೇರೆ ಚೆಕ್ಕು ಬರೆದು ಕಳಿಸು. ಬೇಡ ಅಂತ ದೊಡ್ಡಸ್ತಿಕೆ ತೋರಿಸೋಕೆ ನನ್ನ ಮೊಣಕಾಲು ಬಿಡಲ್ಲ.

ತಂದು ಕೊಡುತ್ತೇನೆ ಅಂತ ಮನೆಗೆ ಬರಬೇಡ. ಅಂಚೆಗೆ ಹಾಕು.

ಅಕ್ಕ